5 ವ್ಯಾಟ್ ಇಟ್ಟುಕೊಂಡು ಕಾಂಟೆಸ್ಟ್‌ಗೆ ಇಳಿಯಬಹುದಾ? (ಕಲಬುರಗಿ, ಬೀದರ್, ಯಾದಗಿರಿ ಹ್ಯಾಮ್ ರೇಡಿಯೋದವರಿಗೆ)

ತೊಗರಿ ಕಣಜ (ಕಲಬುರಗಿ)
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ಶನಿವಾರ-ಭಾನುವಾರ ನಡೆಯುವ ಸಿಕ್ಯೂ ವರ್ಲ್ಡ್‌ವೈಡ್ ಎಸ್‌ಎಸ್‌ಬಿ ಕಾಂಟೆಸ್ಟ್‌ಗೆ ಈ ಸಲ ಇಳಿಯೋಣ ಅಂತಿದ್ದೇನೆ. ಬೇರೆ ಬೇರೆ ದೇಶದವರನ್ನು ರೇಡಿಯೋದಲ್ಲಿ ಮಾತಿನಲ್ಲೇ ಹಿಡಿದು ಪಾಯಿಂಟ್ ಗಳಿಸುವ ಸ್ಪರ್ಧೆ ಅದು. ನನ್ನದು ವಿಯು3 ಲೈಸೆನ್ಸ್. ಸೆಟ್ಟು ಮೈಕ್ರೋಬಿಟೆಕ್ಸ್, ಕಡಿಮೆ ವ್ಯಾಟಿನದು. ಆಂಟೆನಾ ಇನ್ನೂ ಕಟ್ಟಿಲ್ಲ. ಮಾಳಿಗೆ ಇದೆ, ತಾಮ್ರದ ತಂತಿ ಇದೆ, ಎರಡು ಬಿದಿರಿನ ಗಳ ಸಿಗುತ್ತವೆ.

ನಿಯಮ ಓದಿದಾಗ ಕ್ಯೂಆರ್‌ಪಿ ಅಂತ ಒಂದು ವಿಭಾಗ ಕಂಡಿತು. ಔಟ್‌ಪುಟ್ 5 ವ್ಯಾಟ್ ಮೀರಬಾರದು, ಅಷ್ಟೇ. ಆದರೆ ಅದೇ ಬ್ಯಾಂಡಿನಲ್ಲಿ 1500 ವ್ಯಾಟ್ ಇಟ್ಟುಕೊಂಡು, ದೊಡ್ಡ ಟವರ್ ಹಾಕಿಕೊಂಡು ಕೂತವರೂ ಇರುತ್ತಾರಲ್ವಾ? ಅವರ ನಡುವೆ ನಮ್ಮ ದನಿ ಯಾರಿಗಾದರೂ ಕೇಳುತ್ತದಾ, ಇಲ್ಲ ಸುಮ್ನೆ ಎರಡು ದಿನ ಗಂಟಲು ಹರಿದುಕೊಳ್ಳುವುದಾ? ಆಂಟೆನಾ ಯಾವ ದಿಕ್ಕಿಗೆ ಕಟ್ಟಬೇಕು? ಮೊದಲೇ ಹೆಸರು ಕೊಡಬೇಕಾ? ಅನುಭವ ಇದ್ದವರು ಹೇಳಿ.

ಶಹಾಬಾದ್ ಕಲ್ಲು (ಕಲಬುರಗಿ ಜಿಲ್ಲೆ)
ತಮ್ಮಾ, ಬೇಜಾರು ಮಾಡಿಕೊಳ್ಳಬೇಡ, ನೇರವಾಗಿ ಹೇಳುತ್ತೇನೆ. 100 ವ್ಯಾಟಿನಿಂದ 5 ವ್ಯಾಟಿಗೆ ಇಳಿದರೆ 13 ಡೆಸಿಬೆಲ್ ಹೋಯಿತು. ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್-ಮೀಟರಿನಲ್ಲಿ ಎರಡು ಪಾಯಿಂಟ್ ಚಿಲ್ಲರೆ. ಮೋರ್ಸ್ ಕೀ ಹೊಡೆಯುವ ಸಿಡಬ್ಲ್ಯೂನಲ್ಲಾದರೆ ಅದು ನಡೆಯುತ್ತದೆ. ಮಾತಿನಲ್ಲಿ ಕಷ್ಟ. ನಿನ್ನ ಕಷ್ಟ ನಿನಗಿರಲಿ, ಆ ಕಡೆ ಕೂತವನು "ಅಗೇನ್, ಅಗೇನ್" ಅಂತ ಕೇಳಿ ಕೇಳಿ ಸುಸ್ತಾಗುತ್ತಾನೆ. ಕ್ಯೂಆರ್‌ಪಿಯವರು ಶೌರ್ಯ ತಮ್ಮದು ಅಂದುಕೊಂಡಿರುತ್ತಾರೆ. ದುಡಿಮೆಯೆಲ್ಲ ಕೇಳುವವನದು. ನಿನ್ನ ಲೈಸೆನ್ಸಿಗೆ 50 ವ್ಯಾಟ್ ತನಕ ಅವಕಾಶ ಇದೆ, ಅದನ್ನು ಬಳಸು.

ಬಿದರಿ ಹೂಜಿ (ಬೀದರ್)
ಕಲ್ಲು ಅಣ್ಣಾವ್ರು ಹೇಳಿದ ಲೆಕ್ಕ ಸರಿ. ತೀರ್ಮಾನ ಮಾತ್ರ ನಾನು ಒಪ್ಪುವುದಿಲ್ಲ.

ಲೆಕ್ಕವನ್ನೇ ಮುಂದುವರಿಸೋಣ. ಜರ್ಮನಿಯಲ್ಲಿ ಒಬ್ಬ 1500 ವ್ಯಾಟ್ ಇಟ್ಟುಕೊಂಡು ಕೂಗುತ್ತಿದ್ದಾನೆ. ನಿಮ್ಮದು 5. ಇಬ್ಬರ ನಡುವೆ ಸುಮಾರು 25 ಡೆಸಿಬೆಲ್ ಅಂತರ. ಒಂದು ಎಸ್ ಪಾಯಿಂಟಿಗೆ 6 ಡೆಸಿಬೆಲ್ ಅಂದರೆ ನಾಲ್ಕು ಪಾಯಿಂಟ್. ದಾರಿ ಎರಡೂ ಕಡೆಗೆ ಒಂದೇ. ಹಾಗಾಗಿ ಅವನು ನಿಮ್ಮಲ್ಲಿ ಎಸ್9 ಬಂದರೆ ನೀವು ಅವನಲ್ಲಿ ಹತ್ತಿರಹತ್ತಿರ ಎಸ್5. ಎಸ್5 ಅಂದರೆ ಆರಾಮಾಗಿ ಕೇಳುವ ಸಿಗ್ನಲ್. ಅವನು ನಿಮ್ಮಲ್ಲಿ ಎಸ್5 ಬಂದರೆ? ನೀವು ಅಲ್ಲಿ ಎಸ್1, ಅವನ ಊರಿನ ಗದ್ದಲದಲ್ಲಿ ಮುಳುಗಿರುತ್ತೀರಿ. ಹೊಸಬರು ಎಡವುವುದು ಇಲ್ಲೇ. ಕಿವಿಗೆ ಬಿದ್ದವರನ್ನೆಲ್ಲ ಕರೆಯುತ್ತಾರೆ, ಉತ್ತರ ಬರುವುದಿಲ್ಲ, "5 ವ್ಯಾಟಿನಲ್ಲಿ ಏನೂ ಆಗಲ್ಲ" ಅಂತ ಸೆಟ್ಟು ಮುಚ್ಚಿಡುತ್ತಾರೆ. ಮೀಟರಿನ ಮುಳ್ಳು 9 ದಾಟುವವರನ್ನು ಮಾತ್ರ ಮೊದಲು ಹಿಡಿಯಿರಿ. ಉಳಿದವರು ಆಮೇಲೆ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ ಮಾತ್ರ ಸಿಗುವ ಲಾಭ. ಈ ಕಾಂಟೆಸ್ಟ್‌ನಲ್ಲಿ ಪ್ರತಿ ಬ್ಯಾಂಡಿನಲ್ಲೂ ಹೊಸ ದೇಶ ಒಂದು ಮಲ್ಟಿಪ್ಲೈಯರ್, ಹೊಸ ವಲಯ ಇನ್ನೊಂದು; ಒಟ್ಟು ಪಾಯಿಂಟನ್ನು ಇವುಗಳಿಂದ ಗುಣಿಸುತ್ತಾರೆ. ವಲಯ ಅಂದರೆ ಕಾಂಟೆಸ್ಟ್‌ಗಾಗಿ ಜಗತ್ತನ್ನು ಹಂಚಿದ ಭಾಗ. ನಾವು ಇರುವುದು ಸಿಕ್ಯೂ ವಲಯ 22ರಲ್ಲಿ. ಆ ವಲಯದಲ್ಲಿ ಯಾರಿದ್ದಾರೆ? ಭಾರತ, ಶ್ರೀಲಂಕಾ, ನೇಪಾಳ, ಭೂತಾನ್, ಬಾಂಗ್ಲಾ, ಮಾಲ್ದೀವ್ಸ್. ಕಾಂಟೆಸ್ಟ್ ದಿನ ಇಲ್ಲಿಂದ ಎಷ್ಟು ಜನ ಬ್ಯಾಂಡಿನ ಮೇಲೆ ಇರುತ್ತಾರೆ ಹೇಳಿ? ಬೆರಳೆಣಿಕೆ. ಯುರೋಪಿನವನಿಗೆ ಇನ್ನೊಬ್ಬ ಇಟಲಿಯವನು ಸಿಕ್ಕರೆ ಒಂದು ಪಾಯಿಂಟ್. ಒಬ್ಬ ವಿಯು, ಅಂದರೆ ಭಾರತದವನು, ಸಿಕ್ಕರೆ ಮೂರು ಪಾಯಿಂಟ್, ಜೊತೆಗೆ ದೇಶವೂ ಹೊಸದು ವಲಯವೂ ಹೊಸದು. "ಅಗೇನ್" ಅಂತ ಅವನು ಐದು ಸಲ ಕೇಳುತ್ತಾನೆ ನಿಜ. ಅವನಿಗೆ ನೀವು ಬೇಕು, ಅದಕ್ಕೇ ಕೇಳುತ್ತಾನೆ. ಇಟಲಿಯಲ್ಲಿ ಕೂತು 5 ವ್ಯಾಟ್ ಹಾಕುವವನಿಗೆ ಈ ಭಾಗ್ಯ ಇಲ್ಲ.

ಹೆಸರು ಮೊದಲೇ ಕೊಡಬೇಕಿಲ್ಲ. ಮುಗಿದ ಮೇಲೆ ಲಾಗ್, ಅಂದರೆ ಮಾತಾಡಿಸಿದವರ ಪಟ್ಟಿ, ಕಳಿಸಿದರೆ ಸಾಕು.

ಆಳಂದ ರೋಡ್ (ಕಲಬುರಗಿ)
ಹೂಜಿ ಕಾಕಾ ಬರೆದದ್ದು ಓದಿ ನನಗೇ ಹುರುಪು ಬಂತು. ನಾವೂ ಭೂತಾನಿನವರಷ್ಟೇ ಅಪರೂಪ ಅಂತ ಗೊತ್ತೇ ಇರಲಿಲ್ಲ.

ಭೀಮಾ ದಂಡೆ (ಯಾದಗಿರಿ)
ಕಣಜ ತಮ್ಮಾ, ಮೊದಲು ನಿಮ್ಮ ಸೆಟ್ಟು ಎಷ್ಟು ವ್ಯಾಟ್ ಕೊಡುತ್ತಿದೆ ಅಂತ ನೋಡಿಕೊಂಡಿದ್ದೀರಾ? ಮೈಕ್ರೋಬಿಟೆಕ್ಸ್ 40 ಮತ್ತು 80 ಮೀಟರಿನಲ್ಲಿ 10 ವ್ಯಾಟ್ ಹತ್ತಿರ ಹೋಗುತ್ತದೆ. ಮೇಲಿನ ಬ್ಯಾಂಡಿಗೆ, ಅಂದರೆ ಮೀಟರ್ ಸಂಖ್ಯೆ ಇಳಿದು ಫ್ರೀಕ್ವೆನ್ಸಿ ಏರಿದಂತೆ, ಕಡಿಮೆಯಾಗುತ್ತದೆ. 10 ಮೀಟರಿನಲ್ಲಿ 5 ಮುಟ್ಟುವುದೂ ಕಷ್ಟ. ಅಂದರೆ ಮೇಲೆ ನೀವು ಹೇಗೂ ಕ್ಯೂಆರ್‌ಪಿ, ಕೆಳಗೆ ಮಾತ್ರ ತಗ್ಗಿಸಬೇಕು. "ನೋಡುವವರು ಯಾರು" ಅಂತ ಬಿಡಬೇಡಿ. ಈ ವಿಭಾಗದಲ್ಲಿ ಪಾಲಿಸಬೇಕಾದ್ದು ಅದೊಂದನ್ನೇ.

ಅಳೆಯಲು ದುಬಾರಿ ಮೀಟರ್ ಬೇಡ. 1 ಕಿಲೋಓಮ್ ರೆಸಿಸ್ಟರ್ 20 ತಂದು ಪ್ಯಾರಲಲ್ ಆಗಿ ಬೆಸುಗೆ ಹಾಕಿ. 50 ಓಮ್ ಆಯಿತು. ಒಂದೊಂದೂ 2 ವ್ಯಾಟಿನದಾದರೆ ಒಟ್ಟು 40 ವ್ಯಾಟ್ ತಡೆಯುತ್ತದೆ. ಕಾರ್ಬನ್ ಫಿಲ್ಮ್ ಇಲ್ಲವೇ ಮೆಟಲ್ ಫಿಲ್ಮ್ ಇರಲಿ, ತಂತಿ ಸುತ್ತಿದ್ದು ಬೇಡ, ಅದು ಕಾಯಿಲ್ ಥರ ವರ್ತಿಸುತ್ತದೆ. ಅದರ ಮೇಲೆ ಒಂದು 1ಎನ್4148 ಡಯೋಡ್, ಒಂದು 0.01 ಮೈಕ್ರೋಫ್ಯಾರಡ್ ಕೆಪಾಸಿಟರ್. ಕೆಪಾಸಿಟರಿನ ಎರಡು ಕಾಲಿಗೆ ಮಾಮೂಲಿ ಮಲ್ಟಿಮೀಟರ್, ಡಿಸಿಯಲ್ಲಿ.

ಈಗ ಮೈಕ್ ಹಿಡಿದು ಪಿಟಿಟಿ (ಮಾತಾಡುವ ಗುಂಡಿ) ಒತ್ತಿ ಉದ್ದಕ್ಕೆ ಒಂದು ಸಿಳ್ಳೆ ಹಾಕಿ. ಮಾತಾಡಿದರೆ ಮೀಟರ್ ಕುಣಿಯುತ್ತದೆ, ಸಿಳ್ಳೆಗೆ ಒಂದೇ ಕಡೆ ನಿಲ್ಲುತ್ತದೆ. 50 ಓಮಿನ ಮೇಲೆ 5 ವ್ಯಾಟ್ ಅಂದರೆ ಪೀಕ್ 22.4 ವೋಲ್ಟ್. ಡಯೋಡ್ 0.6 ತಿನ್ನುತ್ತದೆ. ಹಾಗಾಗಿ ಮೀಟರಿನಲ್ಲಿ 21.8 ಕಂಡರೆ ಸರಿಯಾಗಿ 5 ವ್ಯಾಟ್. ಜಾಸ್ತಿ ಕಂಡರೆ ಒಳಗಿನ ಡ್ರೈವ್ ಪ್ರಿಸೆಟ್ ಸಣ್ಣ ಸ್ಕ್ರೂಡ್ರೈವರಿನಿಂದ ಹಿಂದಕ್ಕೆ ತಿರುಗಿಸಿ. ಇಲ್ಲವೇ ಪವರ್ ಆಂಪ್ಲಿಫೈಯರಿಗೆ ಹೋಗುವ ತಂತಿ ಬೇರೆ ಇದೆ, ಅದರ ವೋಲ್ಟೇಜ್ ಇಳಿಸಿ. ನಾನು ಎರಡನೆಯದನ್ನೇ ಮಾಡುತ್ತೇನೆ, ಬ್ಯಾಂಡು ಬದಲಿಸಿದಾಗ ಮೇಲೆ ಕೆಳಗೆ ಮಾಡಲು ಸಲೀಸು. ಅಳತೆ ಮುಗಿದ ಕೂಡಲೇ ರೆಸಿಸ್ಟರ್ ಮುಟ್ಟಬೇಡಿ, ಸುಡುತ್ತದೆ.

ತೊಗರಿ ಕಣಜ
ಧನ್ಯವಾದ ಸರ್. ರೆಸಿಸ್ಟರ್ ಸೂಪರ್ ಮಾರ್ಕೆಟ್ ಕಡೆ ಸಿಗಬಹುದು, ಇಲ್ಲದಿದ್ದರೆ ಹೈದರಾಬಾದಿಗೆ ಹೋಗುವವರ ಕೈಲಿ ತರಿಸುತ್ತೇನೆ. ಆಂಟೆನಾ ಬಗ್ಗೆ ಯಾರೂ ಹೇಳಲಿಲ್ಲ.

ಬಿದರಿ ಹೂಜಿ
ಅಲ್ಲಿಗೇ ಬರುತ್ತಿದ್ದೆ. ಕಲಬುರಗಿಯಿಂದ ಯುರೋಪು ಇರುವುದು ವಾಯವ್ಯಕ್ಕೆ, ಸುಮಾರು 320 ಡಿಗ್ರಿ. ಜಪಾನ್ ಈಶಾನ್ಯಕ್ಕೆ, 58ರ ಆಸುಪಾಸು. ಡೈಪೋಲ್, ಅಂದರೆ ನಡುವೆ ಕೇಬಲ್ ಜೋಡಿಸಿದ ಎರಡು ಕೈಯ ತಂತಿಯ ಆಂಟೆನಾ, ತನ್ನ ತುದಿಗಳ ಕಡೆ ಕಡಿಮೆ, ಅಗಲದ ಕಡೆ ಜಾಸ್ತಿ ಎಸೆಯುತ್ತದೆ. ತಂತಿಯನ್ನು ಈಶಾನ್ಯದಿಂದ ನೈಋತ್ಯಕ್ಕೆ ಎಳೆದರೆ ಅದರ ಒಂದು ಮಗ್ಗುಲು ಯುರೋಪಿಗೆ, ಇನ್ನೊಂದು ಮಗ್ಗುಲು ಇಂಡೋನೇಷ್ಯಾ, ಆಸ್ಟ್ರೇಲಿಯಾ ಕಡೆಗೆ.

ಜಪಾನ್ ತುದಿಗೆ ಬಿತ್ತಲ್ಲ ಅಂತೀರಾ? ಬೀಳಲಿ. ನಮಗೆ ಜಪಾನಿನ ಒಂದು ಸಂಪರ್ಕಕ್ಕೆ ಒಂದೇ ಪಾಯಿಂಟ್, ಯಾಕೆಂದರೆ ಅದೂ ಏಷ್ಯಾ. ಯುರೋಪು, ಆಫ್ರಿಕಾ, ಆಸ್ಟ್ರೇಲಿಯಾ, ಅಮೆರಿಕ ಎಲ್ಲ ಮೂರು ಮೂರು. ಬೆಳಿಗ್ಗೆ ಜಪಾನಿನವರು ಜೋರಾಗಿ ಕೇಳುತ್ತಾರೆ, ಕಿವಿಗೆ ಹಿತ, ಕೈ ತಾನಾಗಿ ಪಿಟಿಟಿಗೆ ಹೋಗುತ್ತದೆ. ದೇಶ ಮತ್ತು ವಲಯಕ್ಕೆ ಬ್ಯಾಂಡಿಗೆ ಒಬ್ಬರನ್ನು ಹಿಡಿದು ಬಿಟ್ಟುಬಿಡಿ. ಗಂಟಲು ಸಂಜೆಗೆ ಉಳಿಸಿಕೊಳ್ಳಿ.

ಶಹಾಬಾದ್ ಕಲ್ಲು
ದಿಕ್ಕಿನ ಮಾತೆಲ್ಲ ತಂತಿ ಎತ್ತರ ಇದ್ದಾಗ. 40 ಮೀಟರ್ ಡೈಪೋಲನ್ನು ಮಾಳಿಗೆಯ ಮೇಲೆ ಎರಡಾಳು ಎತ್ತರಕ್ಕೆ ಕಟ್ಟಿದರೆ ಅದಕ್ಕೆ ದಿಕ್ಕೂ ಇಲ್ಲ ದಿಸೆಯೂ ಇಲ್ಲ, ಎಲ್ಲ ನೆತ್ತಿಯ ಮೇಲೆ ಹೋಗುತ್ತದೆ. ಅರ್ಧ ತರಂಗದಷ್ಟಾದರೂ ಮೇಲಿರಬೇಕು. 40ಕ್ಕೆ ಅದು 20 ಮೀಟರ್ ಎತ್ತರ. ಯಾವ ಗಳ ತರುತ್ತೀರಿ?

ಬಿದರಿ ಹೂಜಿ
ಪೂರ್ತಿ ಒಪ್ಪಿದೆ. ಅದಕ್ಕೇ 40 ಬಿಡಿ, 10 ಮೀಟರ್ ಹಿಡಿಯಿರಿ ಅನ್ನುವುದು. 28.5 ಮೆಗಾಹರ್ಟ್ಸ್‌ಗೆ ಡೈಪೋಲ್ ಉದ್ದ 143 ಭಾಗಿಸು 28.5, ಅಂದರೆ 5 ಮೀಟರ್. ಒಂದೊಂದು ಕೈ ಎರಡೂವರೆ ಮೀಟರ್. ಅರ್ಧ ತರಂಗದ ಎತ್ತರವೂ 5 ಮೀಟರ್ ಚಿಲ್ಲರೆಯೇ. ಒಂದು ಬಿದಿರಿನ ಗಳಕ್ಕೆ ಅದು ಸಾಕು, ಕೆಳಗೆ ಕಟ್ಟಡದ ಎತ್ತರ ಬೋನಸ್. ಟವರ್ ಇಲ್ಲದವನಿಗೆ ಟವರ್ ಇದ್ದವನ ತಗ್ಗಿನ ಕೋನ ಸಿಗುವುದು ಈ ಒಂದು ಬ್ಯಾಂಡಿನಲ್ಲಿ ಮಾತ್ರ. ಜಾಗವೂ ಜಾಸ್ತಿ. 14 ಮೆಗಾಹರ್ಟ್ಸ್‌ನಲ್ಲಿ ಒಬ್ಬರ ಮೇಲೊಬ್ಬರು ಕೂತಿರುತ್ತಾರೆ. 28.3ರಿಂದ 29ರ ತನಕ ಹರಡಿಕೊಂಡಾಗ ಸಣ್ಣವರಿಗೂ ಉಸಿರಾಡಲು ಆಗುತ್ತದೆ.

10 ಮೀಟರ್ ಚೆನ್ನಾಗಿ ತೆರೆಯುವುದು ಸೂರ್ಯನ ಕಲೆಗಳು ಹೆಚ್ಚಿದಾಗ. ಸೂರ್ಯನ ಚಕ್ರ 25 ತುತ್ತತುದಿ ಮುಟ್ಟಿದ್ದು 2024ರಲ್ಲಿ. ಈ ಚಕ್ರ ಸುಮಾರು 11 ವರ್ಷದ್ದು. ಈಗ ಇಳಿಜಾರು ಶುರು, ಆದರೂ 10 ಮೀಟರ್ ಇನ್ನೂ ಜೀವಂತ ಇದೆ. ಮುಂದೆ ಕೆಲವು ವರ್ಷ ಅದು ಪೂರ್ತಿ ಮಲಗಿಬಿಡುತ್ತದೆ. ಆಗ 5 ವ್ಯಾಟಿನವರಿಗೆ ಬಹಳ ಕಷ್ಟ. ಆಡುವುದಿದ್ದರೆ ಈಗಲೇ ಆಡಿ.

ಸುರಪುರದಾಕೆ (ಯಾದಗಿರಿ ಜಿಲ್ಲೆ)
ಕೇಬಲ್ ಬಗ್ಗೆ ನಾನೊಂದು ಸೇರಿಸುತ್ತೇನೆ. ಆರ್‌ಜಿ-58 ಅನ್ನುವ ರೇಡಿಯೋ ಕೇಬಲ್ ಹುಡುಕಿಕೊಂಡು ದೂರ ಹೋಗಬೇಡಿ. ಕೇಬಲ್ ಟಿವಿಯವರ ಹತ್ತಿರ ಸಿಗುವ ಆರ್‌ಜಿ-6 ಸಾಕು. ಅದು 75 ಓಮಿನದು. ಡೈಪೋಲ್ ತಾನೂ 70ರ ಆಸುಪಾಸೇ ಇರುತ್ತದೆ, ಜೋಡಿ ಚೆನ್ನಾಗಿ ಕೂಡುತ್ತದೆ. ಸೆಟ್ಟಿನ ಕಡೆ ಎಸ್‌ಡಬ್ಲ್ಯೂಆರ್ (ಜೋಡಿ ಎಷ್ಟು ಹೊಂದಿದೆ ಅನ್ನುವ ಅಳತೆ, 1 ಆದರೆ ಪೂರ್ತಿ ಹೊಂದಿದೆ) 1.5 ತೋರಿಸಬಹುದು, ಗಾಬರಿ ಬೇಡ. 10, 15 ಮೀಟರಿನಲ್ಲಿ ಆರ್‌ಜಿ-58ಕ್ಕಿಂತ ನಷ್ಟ ಕಡಿಮೆ. ಅಗ್ಗದ ಆರ್‌ಜಿ-6ರಲ್ಲಿ ನಡುವಿನ ತಂತಿ ಉಕ್ಕಿನದು, ಮೇಲೆ ತಾಮ್ರದ ಲೇಪ ಮಾತ್ರ. ಮ್ಯಾಗ್ನೆಟ್ ಹಿಡಿದರೆ ಗೊತ್ತಾಗುತ್ತದೆ. ಕೆಳಗಿನ ಬ್ಯಾಂಡಿಗೆ ಅದು ಒಳ್ಳೆಯದಲ್ಲ, ಮೇಲಿನದಕ್ಕೆ ತೊಂದರೆ ಇಲ್ಲ. ಉಕ್ಕಿಗೆ ಮಾಮೂಲಿ ಬೆಸುಗೆ ಹಿಡಿಯಲಿಕ್ಕೂ ಸತಾಯಿಸುತ್ತದೆ, ಲೇಪ ಕೆರೆಯದೆ ಬೇಗ ಮುಗಿಸಿ.

40 ಮೀಟರಿಗೆ ಕಟ್ಟಿದ ಡೈಪೋಲ್ 15 ಮೀಟರಿನಲ್ಲೂ ಕೆಲಸ ಮಾಡುತ್ತದೆ, 7ರ ಮೂರು ಪಟ್ಟು 21 ಅಲ್ವಾ. ಜಾಗ ಇದ್ದರೆ 10ಕ್ಕೆ ಒಂದು, 40ಕ್ಕೆ ಒಂದು, ಮೂರು ಬ್ಯಾಂಡ್ ಆಯಿತು. ಮಂಗಗಳ ಕಾಟ ಇದ್ದರೆ ಮಾತ್ರ ತಂತಿಗೆ ಆಯುಷ್ಯ ಕಡಿಮೆ, ಅದಕ್ಕೆ ಯಾವ ಪುಸ್ತಕದಲ್ಲೂ ಉಪಾಯ ಇಲ್ಲ.

ಆಳಂದ ರೋಡ್
ನಮ್ಮ ಕಡೆ ಮಂಗಕ್ಕಿಂತ ಗದ್ದಲದ ಕಾಟ. ಪಕ್ಕದ ಮನೆಯ ಇನ್ವರ್ಟರ್, ಎದುರುಮನೆಯ ಎಲ್‌ಇಡಿ ಬಲ್ಬು, ಯಾರದೋ ಮೊಬೈಲ್ ಚಾರ್ಜರ್. ರಾತ್ರಿ 40 ಮೀಟರ್ ಹಾಕಿದರೆ ಎಸ್8 ತನಕ ಬರೀ ಗೊರಗೊರ. ಎದುರಿನವನು 1500 ವ್ಯಾಟ್ ಇಟ್ಟರೂ ಕೇಳುವುದು ಹೇಗೆ?

ಒಂದು ಸಂತೋಷದ ಸುದ್ದಿಯೂ ಇದೆ. ಓಣಿಗೆ ಓಣಿಯೇ ಕರೆಂಟ್ ಹೋದಾಗ ಬ್ಯಾಟರಿಯ ಮೇಲೆ ಸೆಟ್ಟು ಹಾಕಿ ನೋಡಿ. ಗದ್ದಲ ಒಮ್ಮೆಗೇ ಇಳಿದು, ಎಲ್ಲಿದ್ದರೋ ಅನ್ನುವ ಸ್ಟೇಷನ್ನುಗಳೆಲ್ಲ ಮೇಲೆದ್ದು ಬರುತ್ತವೆ. ಜನ ಕರೆಂಟ್ ಹೋಯಿತು ಅಂತ ಬೈಯುತ್ತಿರುತ್ತಾರೆ, ನಾನು ಬರಬೇಡಪ್ಪಾ ಅಂತ ಕೂತಿರುತ್ತೇನೆ. ಮನೆಯವಳು ಇದನ್ನು ಇನ್ನೂ ಕ್ಷಮಿಸಿಲ್ಲ.

ಭೀಮಾ ದಂಡೆ
ಅದಕ್ಕೇ ನಾನು ಕಾಂಟೆಸ್ಟ್‌ಗೆ ಮನೆಯಲ್ಲಿ ಕೂರುವುದಿಲ್ಲ, ಹೊಲಕ್ಕೆ ಹೋಗುತ್ತೇನೆ. ತೊಗರಿ ಎತ್ತರಕ್ಕೆ ಬಂದಿರುತ್ತದೆ, ಬದುವಿನ ಬೇವಿನ ಮರ ಒಂದು, ಇನ್ನೊಂದು ತುದಿಗೆ ಗಳ. ಯುಪಿಎಸ್‌ಗೆ ಹಾಕುವ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಒಂದು ಹಗಲಿಗೆ ಧಾರಾಳ. ಈ ಸೆಟ್ಟು ಸುಮ್ನೆ ಕೇಳುವಾಗ ಕಾಲು ಆಂಪಿಯರ್ ಕೂಡ ತಿನ್ನುವುದಿಲ್ಲ. ಮಾತಾಡುವಾಗ ಮಾತ್ರ ಆಂಪಿಯರ್ ಲೆಕ್ಕ. ಕ್ಯೂಆರ್‌ಪಿಯವನು ಮಾತಾಡುವುದೇ ಕಡಿಮೆ. 100 ವ್ಯಾಟಿನ ಸೆಟ್ಟನ್ನು ಹೀಗೆ ಹೆಗಲಿಗೆ ಹಾಕಿಕೊಂಡು ಹೋಗಿ ನೋಡೋಣ. ಪ್ರಸಾರ ಮಾಡುವಾಗ 20 ಆಂಪಿಯರ್ ಕೇಳುತ್ತದೆ, ಕಾರಿನ ಬ್ಯಾಟರಿಯೇ ಬೇಕು. ಕಲ್ಲು ಅಣ್ಣನವರು 13 ಡೆಸಿಬೆಲ್ ಹೋಯಿತು ಅಂದರಲ್ಲ, ಊರ ಗದ್ದಲ ಬಿಟ್ಟು ಹೊಲಕ್ಕೆ ಬಂದರೆ ಕೇಳುವ ಕಡೆ ಅದಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ.

ಶಹಾಬಾದ್ ಕಲ್ಲು
ಕೇಳುವ ಕಡೆ ಬಂತು, ಹೇಳುವ ಕಡೆ ಬರಲಿಲ್ಲ. ಆದರೂ ಹೊಲದ ಮಾತು ಸರಿ. ಕೇಳದವನಿಗೆ 100 ವ್ಯಾಟ್ ಇದ್ದೂ ಪ್ರಯೋಜನ ಇಲ್ಲ.

ಹುಮನಾಬಾದ್ ಕ್ರಾಸ್ (ಬೀದರ್ ಜಿಲ್ಲೆ)
ಸರ್, ನನಗೆ ಲೈಸೆನ್ಸ್ ಇಲ್ಲ, ಓದುತ್ತಾ ಆಸೆಯಾಯಿತು. ಬೀದರ್ ಕೋಟೆಯ ಮೇಲೆ ಹೋಗಿ ಕೂತರೆ ಎತ್ತರ ಸಿಗುತ್ತದಲ್ವಾ? ಲೈಸೆನ್ಸಿಗೆ ಏನು ಮಾಡಬೇಕು?

ಬಿದರಿ ಹೂಜಿ
ಕೋಟೆ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ ಅಪ್ಪಾ, ಅಲ್ಲಿ ತಂತಿ ಕಟ್ಟುವ ಯೋಚನೆ ಬಿಡು. ಆದರೆ ನೀನು ಹೇಳಿದ್ದರಲ್ಲಿ ತಿರುಳಿದೆ. ಬೀದರ್ ಇರುವುದು ಕೆಮ್ಮಣ್ಣಿನ ಜಂಬಿಟ್ಟಿಗೆ ಪ್ರಸ್ಥಭೂಮಿಯ ಅಂಚಿನಲ್ಲಿ. ಉತ್ತರಕ್ಕೆ ನೆಲ ಮಾಂಜ್ರಾ ಕಡೆ ಇಳಿಯುತ್ತದೆ. ನೆಲ ಇಳಿಜಾರಾಗಿದ್ದರೆ ಆ ದಿಕ್ಕಿಗೆ ಸಿಗ್ನಲ್ ಇನ್ನೂ ತಗ್ಗಿನ ಕೋನದಲ್ಲಿ ಹೊರಡುತ್ತದೆ. ದೂರ ಹೋಗಲು ಅದೇ ಬೇಕು. ಊರ ಹೊರಗೆ ಅಂಥ ಅಂಚು ಬೇಕಾದಷ್ಟಿವೆ, ಹೊಲದವರನ್ನು ಕೇಳಿ ಕೂತರಾಯಿತು.

ಲೈಸೆನ್ಸಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಪರೀಕ್ಷೆ ಬರೆಯಬೇಕು. ರೇಡಿಯೋ ಸಿದ್ಧಾಂತ ಮತ್ತು ನಿಯಮಗಳು. ರಿಸ್ಟ್ರಿಕ್ಟೆಡ್ ದರ್ಜೆ ಪಾಸಾದರೆ ವಿಯು3, ಜನರಲ್ ದರ್ಜೆಗೆ ವಿಯು2. ಜನರಲ್‌ಗೆ ಮೋರ್ಸ್ ಬೇಕು, ನಿಮಿಷಕ್ಕೆ 8 ಪದ. ಅಕ್ಷರ ಕಲಿತರೆ ಆಮೇಲೆ ವೇಗ ತಾನಾಗಿ ಬರುತ್ತದೆ.

ತೊಗರಿ ಕಣಜ
ಕಾಕಾ, ಎಸ್‌ಎಸ್‌ಬಿಯಲ್ಲಿ ಕರೆಯುವ ಕ್ರಮ ಸ್ವಲ್ಪ ಬಿಡಿಸಿ ಹೇಳ್ತೀರಾ? ಸಮಯವೂ ಗೊಂದಲ ಆಗುತ್ತಿದೆ.

ಬಿದರಿ ಹೂಜಿ
ಸಮಯ ಎಲ್ಲ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಶನಿವಾರ 00:00ಕ್ಕೆ ಶುರು, ಅಂದರೆ ನಮ್ಮ ಬೆಳಿಗ್ಗೆ ಐದೂವರೆ. ಮುಗಿಯುವುದು ಸೋಮವಾರ ಬೆಳಿಗ್ಗೆ ಐದೂವರೆಗೆ. ಲಾಗ್ ಬರೆಯುವ ಕಂಪ್ಯೂಟರಿನಲ್ಲೂ ಯುಟಿಸಿಯೇ ಇರಲಿ. ಕೂರಬೇಕಾದ ಹೊತ್ತು ಮಧ್ಯಾಹ್ನ ಒಂದೂವರೆಯಿಂದ. ಅಲ್ಲಿ ಬೆಳಗಾಗಿ ಯುರೋಪು 10 ಮತ್ತು 15ರಲ್ಲಿ ತೆರೆದಿರುತ್ತದೆ, ಸಂಜೆ ತನಕ ಇರುತ್ತದೆ. ಆಮೇಲೆ 20. ರಾತ್ರಿ 40. ಊಟ ಒಂದೂವರೆಗೆ ಮುಂಚೆ ಮುಗಿಸಿ, ಬಿಸಿ ರೊಟ್ಟಿ ಕಾಯುತ್ತಾ ಕೂತರೆ 10 ಮೀಟರ್ ಕಾಯುವುದಿಲ್ಲ.

ಈಗ ಕರೆಯುವುದು. ಒಬ್ಬ "ಸಿಕ್ಯೂ ಕಾಂಟೆಸ್ಟ್" ಅನ್ನುತ್ತಿದ್ದಾನೆ. ಮುಳ್ಳು 9ರ ಮೇಲಿದೆ. ಕೂಡಲೇ ಬಾಯಿ ಹಾಕಬೇಡಿ. ಎರಡು ಮೂರು ಸುತ್ತು ಕೇಳಿ. ಅವನ ಕಾಲ್‌ಸೈನ್ (ಲೈಸೆನ್ಸಿನ ಗುರುತಿನ ಹೆಸರು) ಬರೆದುಕೊಳ್ಳಿ, ಅವನ ವಲಯ ಬರೆದುಕೊಳ್ಳಿ, ಅವನ ತಾಳ ಹಿಡಿಯಿರಿ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವಾಗ ಪಕ್ಕದವನನ್ನು ಕರೆದರೆ ಕೇಳುತ್ತದಾ? ಜಯಘೋಷ ಒಂದು ಕ್ಷಣ ನಿಲ್ಲುತ್ತದಲ್ಲ, ಆಗ ಹೆಸರು ಹಿಡಿದು ಕೂಗಬೇಕು. ಇಲ್ಲೂ ಹಾಗೇ. ಎಲ್ಲರೂ ಒಟ್ಟಿಗೆ ಕೂಗಿ ಸುಮ್ಮನಾಗುತ್ತಾರೆ, ಆ ಬಿರುಕಿನಲ್ಲಿ ನಿಮ್ಮ ಕಾಲ್‌ಸೈನ್ ಒಂದು ಸಲ, ಪೂರ್ತಿ, ಫೋನೆಟಿಕ್‌ನಲ್ಲಿ. "ವಿಕ್ಟರ್ ಯೂನಿಫಾರ್ಮ್ ತ್ರೀ..." ಅಂತ. ಅವನ ಫ್ರೀಕ್ವೆನ್ಸಿಯಿಂದ 100, 150 ಹರ್ಟ್ಸ್ ಮೇಲೆ ಇಟ್ಟರೆ ನಿಮ್ಮ ದನಿ ಉಳಿದವರಿಗಿಂತ ತುಸು ಕೀಚಲಾಗಿ ಕೇಳುತ್ತದೆ, ಬೇರೆಯಾಗಿ ನಿಲ್ಲುತ್ತದೆ. ಕಿರುಚಬೇಡಿ. ಕಿರುಚಿದರೆ ವ್ಯಾಟ್ ಹೆಚ್ಚುವುದಿಲ್ಲ, ದನಿ ಒಡೆಯುತ್ತದೆ ಅಷ್ಟೇ.

ಆ ಕಡೆಯಿಂದ "ವಿಕ್ಟರ್ ಯೂನಿಫಾರ್ಮ್ ಸ್ಟೇಷನ್, ಅಗೇನ್?" ಅಂತ ಬಂತು ಅಂದುಕೊಳ್ಳಿ. ನಿಮಗೆ ಅರ್ಧ ಕೆಲಸ ಆಯಿತು. ವಿಯು ಅನ್ನುವುದು ಅವನ ಕಿವಿಗೆ ಬಿದ್ದಿದೆ, ಇನ್ನು ಅವನು ಬಿಡುವುದಿಲ್ಲ. ಉಳಿದವರನ್ನು ತಾನೇ ಸುಮ್ಮನಿರಿಸುತ್ತಾನೆ. ಕಾಲ್‌ಸೈನ್ ಎರಡು ಸಲ ಹೇಳಿ. ಅವನು ತಪ್ಪು ಹಿಡಿದರೆ ತಪ್ಪಿದ ಅಕ್ಷರ ಮಾತ್ರ ತಿದ್ದಿ. ಆಮೇಲೆ "ಫೈವ್ ನೈನ್, ಟ್ವೆಂಟಿ ಟೂ". ಮೊದಲನೆಯದು ಅವನ ಸಿಗ್ನಲ್ ಎಷ್ಟು ಚೆನ್ನಾಗಿದೆ ಅನ್ನುವ ವರದಿ, ಎರಡನೆಯದು ನಮ್ಮ ವಲಯ. ಅವನು ಎಷ್ಟೇ ಕ್ಷೀಣವಾಗಿ ಬಂದರೂ ಕಾಂಟೆಸ್ಟ್‌ನಲ್ಲಿ ಎಲ್ಲರಿಗೂ 59ಏ, ಅದೊಂದು ಜಗತ್ತೇ ಒಪ್ಪಿಕೊಂಡ ಸುಳ್ಳು. 22 ಮಾತ್ರ ನಿಜ, ಅದನ್ನು ಸ್ಪಷ್ಟವಾಗಿ ಹೇಳಿ. "ಥ್ಯಾಂಕ್ಯೂ" ಬಂದ ಮೇಲೇ ಲಾಗಿಗೆ ಹಾಕಿ. ಬರದಿದ್ದರೆ ಹಾಕಬೇಡಿ. ಆಮೇಲೆ ಲಾಗ್‌ಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾರೆ, ಅವನ ಲಾಗಿನಲ್ಲಿ ನೀವಿಲ್ಲದಿದ್ದರೆ ಆ ಸಂಪರ್ಕವೂ ಹೋಯಿತು, ಮೇಲೆ ದಂಡವೂ ಬಿತ್ತು.

ಮೂರು ಸಲ ಕರೆದರೂ ತಿರುಗಿ ನೋಡಲಿಲ್ಲವಾ? ಮುಂದೆ ಹೋಗಿ. ಒಂದು ಗಂಟೆ ಬಿಟ್ಟು ಬನ್ನಿ. ಇನ್ನೊಂದು ಗುಟ್ಟು ಭಾನುವಾರ. ಶನಿವಾರ ದೊಡ್ಡವರಿಗೆ ಪುರುಸೊತ್ತಿಲ್ಲ, ಗಟ್ಟಿ ದನಿಯವರೇ ಸಾಲುಗಟ್ಟಿರುತ್ತಾರೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅವರೆಲ್ಲ ಮುಗಿದಿರುತ್ತಾರೆ. ಆಗ 1500 ವ್ಯಾಟಿನವನೂ "ಸಿಕ್ಯೂ, ಸಿಕ್ಯೂ" ಅಂತ ಒಬ್ಬನೇ ಕೂಗುತ್ತಿರುತ್ತಾನೆ, ಯಾರಾದರೂ ಬನ್ನಿ ಅಂತ. ಆ ಹೊತ್ತಿನಲ್ಲಿ ನಿಮ್ಮ 5 ವ್ಯಾಟಿಗೆ ಬರುವ ಮರ್ಯಾದೆ ನೋಡಬೇಕು. ಶನಿವಾರ ರಾತ್ರಿಯೆಲ್ಲ ಎಚ್ಚರ ಕೂತು ಭಾನುವಾರ ಮಧ್ಯಾಹ್ನ ನಿದ್ದೆ ಹೋಗುವವರು ಇದನ್ನು ಕಳೆದುಕೊಳ್ಳುತ್ತಾರೆ. ನನ್ನ ಪ್ರಕಾರ ತಿರುಗಿಸಿ ಮಾಡಬೇಕು.

ಆಳಂದ ರೋಡ್
ನಾವೇ ಸಿಕ್ಯೂ ಕೂಗಬಾರದಾ ಕಾಕಾ? ವಿಯು ಅಪರೂಪ ಅಂದಿರಲ್ಲ, ಅವರೇ ಬರಲಿ.

ಬಿದರಿ ಹೂಜಿ
ಕೂಗಬಹುದು, 10 ಮೀಟರಿನ ಮೇಲ್ಭಾಗದಲ್ಲಿ, ಬ್ಯಾಂಡು ಪೂರ್ತಿ ತೆರೆದಾಗ, ಹತ್ತು ನಿಮಿಷ. 20ರಲ್ಲಿ ಮಾತ್ರ ಬೇಡವೇ ಬೇಡ. ನೀವು ಅಲ್ಲಿದ್ದೀರಿ ಅಂತಲೇ ಗೊತ್ತಾಗದೆ ಯಾರಾದರೂ ನಿಮ್ಮ ಮೇಲೆ ಬಂದು ಕೂರುತ್ತಾರೆ. ಬ್ಯಾಟರಿಯೂ ಅದರಲ್ಲೇ ಖಾಲಿ.

ಶಹಾಬಾದ್ ಕಲ್ಲು
ಇನ್ನೊಂದು, ಕೆಲವರು ಕಾಲ್‌ಸೈನ್ ಹಿಂದೆ "ಸ್ಟ್ರೋಕ್ ಕ್ಯೂಆರ್‌ಪಿ" ಅಂತ ಬಾಲ ಸೇರಿಸುತ್ತಾರೆ. ದಯವಿಟ್ಟು ಬೇಡ. ಮೊದಲೇ ದನಿ ಕ್ಷೀಣ, ಮೇಲೆ ಮೂರು ಅಕ್ಷರ ಜಾಸ್ತಿ ಹಿಡಿ ಅಂದರೆ ಹೇಗೆ? ವಿಭಾಗವನ್ನು ಲಾಗಿನಲ್ಲಿ ಬರೆದರೆ ಸಾಕು.

ಬಿದರಿ ಹೂಜಿ
ನೂರಕ್ಕೆ ನೂರು ಒಪ್ಪಿದೆ.

ಸುರಪುರದಾಕೆ
ಮಾತಿಗಿಂತ ಸುಲಭ ಬೇಕಾದವರಿಗೆ ಆಗಸ್ಟ್ ಕೊನೆಯಲ್ಲಿ ವರ್ಲ್ಡ್‌ವೈಡ್ ಡಿಜಿ ಅಂತ ಇದೆ, ಎಫ್‌ಟಿ8 ಮತ್ತು ಎಫ್‌ಟಿ4, ಮಾತಿನ ಬದಲು ಕಂಪ್ಯೂಟರೇ ಸಂದೇಶ ಕಳಿಸುವ ವಿಧಾನಗಳು. ಅಲ್ಲಿ 5 ವ್ಯಾಟ್ ಅಂದರೆ ಶ್ರೀಮಂತಿಕೆ. ಕೊಡಬೇಕಾದ್ದು ವಲಯ ಅಲ್ಲ, ಗ್ರಿಡ್, ಅಂದರೆ ಭೂಪಟದಲ್ಲಿ ನಮ್ಮ ಚೌಕದ ಗುರುತು. ಕಲಬುರಗಿ, ಬೀದರ್ ಎರಡೂ ಎಂಕೆ87. ಯಾದಗಿರಿ ಊರು ಎಂಕೆ86. ಪಾಯಿಂಟು ದೂರದ ಮೇಲೆ: ಒಂದು ಹೇಗೂ ಸಿಗುತ್ತದೆ, ಆಮೇಲೆ ಪ್ರತಿ 3000 ಕಿಲೋಮೀಟರಿಗೆ ಇನ್ನೊಂದೊಂದು. ಮೂಲೆಯಲ್ಲಿರುವ ನಮಗೆ ಇದೂ ಅನುಕೂಲವೇ.

ಜಪಾನಿನವರು ನಡೆಸುವ ಆಲ್ ಏಷ್ಯನ್‌ನಲ್ಲಿ ಮಾತ್ರ ವಯಸ್ಸು ಹೇಳಬೇಕು. ಅದರಲ್ಲಿ ಹುಷಾರು, ಊರಿಗೆಲ್ಲ ಗೊತ್ತಾಗುತ್ತದೆ.

ಭೀಮಾ ದಂಡೆ
ಮೋರ್ಸ್ ಬರುವವರು ನವೆಂಬರ್ ಕೊನೆಯ ಸಿಡಬ್ಲ್ಯೂ ಕಾಂಟೆಸ್ಟ್ ಬಿಡಬೇಡಿ. ಅಲ್ಲಿ 599 ಅನ್ನುವುದನ್ನು 5ಎನ್ಎನ್ ಅಂತ ಮೊಟಕು ಮಾಡಿ ಹೊಡೆಯುತ್ತಾರೆ. ಕ್ಷೀಣ ಸಿಗ್ನಲ್ಲು ಗದ್ದಲದೊಳಗೆ ಕೇಳುವುದು ಮೋರ್ಸಿನಲ್ಲಿ ಬಹಳ ಸುಲಭ. ಮೇ ಕೊನೆಗೆ ಡಬ್ಲ್ಯೂಪಿಎಕ್ಸ್ ಸಿಡಬ್ಲ್ಯೂ ಅನ್ನುವ ಇನ್ನೊಂದು ಮೋರ್ಸ್ ಕಾಂಟೆಸ್ಟ್ ಬರುತ್ತದೆ, ಅದು ನಮ್ಮ ಕಡೆ ಬೇರೆಯೇ ಕಥೆ. ಹೊರಗೆ 42 ಡಿಗ್ರಿ, ಸಂಜೆ ಗುಡುಗಿನ ಚರಚರ. ಮೋಡ ಕಂಡ ಕೂಡಲೇ ಕೇಬಲ್ ಕಿತ್ತು ಹೊರಗೆ ಎಸೆಯಿರಿ. ಸೆಟ್ಟಿನ ಪಕ್ಕ ಸುತ್ತಿ ಇಡುವುದಲ್ಲ, ಕಿಟಕಿಯ ಹೊರಗೆ. ಯಾವ ಮಲ್ಟಿಪ್ಲೈಯರಿಗಾಗಿಯೂ ಕಾಯಬೇಡಿ.

ಮೈಕ್ರೋಬಿಟೆಕ್ಸ್ ಇದ್ದವರಿಗೆ ಒಂದು ಮಾತು. ಇದನ್ನು ರೂಪಿಸಿದ ಅಶ್ಹರ್ ಫರ್ಹಾನ್ ನಮ್ಮ ಪಕ್ಕದ ಹೈದರಾಬಾದಿನವರು. ಅವರ ಮೊದಲ ಬಿಟೆಕ್ಸ್‌ನಲ್ಲಿ ಕಾಯಿಲ್ ಸುತ್ತಲು ನಲ್ಲಿಯ ವಾಷರ್ ಬಳಸಿದ್ದರು. ಹೊರದೇಶದ ಬಿಡಿಭಾಗ ಸಿಗುವುದಿಲ್ಲ ಅಂತ ಕೂರಬಾರದು ಅನ್ನುವುದಕ್ಕೇ ಹಾಗೆ ಮಾಡಿದ್ದು. ಇವತ್ತು ಆ ಸೆಟ್ಟು ಜಗತ್ತಿನ ತುಂಬ ಇದೆ.

ತೊಗರಿ ಕಣಜ
ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. 10 ಮೀಟರ್ ಡೈಪೋಲ್ ಮೊದಲು, ವಾಯವ್ಯಕ್ಕೆ ಮಗ್ಗುಲು. ಕ್ಲಸ್ಟರ್ (ಯಾರು ಯಾವ ಫ್ರೀಕ್ವೆನ್ಸಿಯಲ್ಲಿದ್ದಾರೆ ಅಂತ ಇಂಟರ್ನೆಟ್ಟಿನಲ್ಲಿ ಬರುವ ಪಟ್ಟಿ) ನೋಡಿಕೊಂಡು ಯಾರು ಎಲ್ಲಿದ್ದಾರೆ ಅಂತ ಹುಡುಕಬಹುದಾ? ಲಾಗ್ ಯಾವಾಗ ಕಳಿಸಬೇಕು?

ಬಿದರಿ ಹೂಜಿ
ಕ್ಲಸ್ಟರ್ ನೋಡಿದರೆ ಅಸಿಸ್ಟೆಡ್ ವಿಭಾಗ, ಅದರಲ್ಲೂ ಕ್ಯೂಆರ್‌ಪಿ ಇದೆ. ನೋಡದಿದ್ದರೆ ಬರೀ ಸಿಂಗಲ್ ಆಪರೇಟರ್. ಮೊದಲ ಸಲ ನೋಡದೆ ಮಾಡಿ, ಡಯಲ್ ತಿರುಗಿಸುತ್ತಾ ಹುಡುಕಿದರೆ ಬ್ಯಾಂಡು ಪರಿಚಯ ಆಗುತ್ತದೆ. ಲಾಗ್ ಮುಗಿದ 5 ದಿನದೊಳಗೆ ಹೋಗಬೇಕು, ಕ್ಯಾಬ್ರಿಲೋ ಅನ್ನುವ ನಮೂನೆಯಲ್ಲಿ. ಲಾಗ್ ಬರೆಯುವ ಎನ್1ಎಂಎಂ ಸಾಫ್ಟ್‌ವೇರ್ ತಾನೇ ಮಾಡಿಕೊಡುತ್ತದೆ. ಪವರ್ ಅನ್ನುವ ಸಾಲಿನಲ್ಲಿ ಕ್ಯೂಆರ್‌ಪಿ ಅಂತ ಬಂದಿದೆಯಾ ನೋಡಿಕೊಳ್ಳಿ. ಲೋ ಅಂತ ಬಿಟ್ಟರೆ 100 ವ್ಯಾಟಿನವರ ಪಟ್ಟಿಯಲ್ಲಿ ಹೋಗಿ ಕೂರುತ್ತೀರಿ.

ಶಹಾಬಾದ್ ಕಲ್ಲು
ತಮ್ಮಾ, ಶನಿವಾರ ಸಂಜೆ ನಾನೂ 15ರಲ್ಲಿರುತ್ತೇನೆ. ನಮ್ಮ ನಮ್ಮಲ್ಲಿ ಪಾಯಿಂಟ್ ಸೊನ್ನೆ, ಆದರೆ ದೇಶ, ವಲಯ ಎರಡೂ ಲೆಕ್ಕಕ್ಕೆ ಬರುತ್ತವೆ. ಕರೆ, ಮೊದಲ ಸಲಕ್ಕೇ ಹಿಡಿಯುತ್ತೇನೆ, ಅಗೇನ್ ಅನ್ನುವುದಿಲ್ಲ.